ಇನ್ನೂರಾ ಹನ್ನೆರಡನೆಯ ಸಾಲು

“ತಾರೀಖು ನೋಡ್ರಿ ಸರ್,” ಎಂದಳು ತುಂಗಾಬಾಯಿ.

ಸಬ್‌ಇನ್‌ಸ್ಪೆಕ್ಟರ್ ಏಕಾಂತಪ್ಪ ಕುರ್ಚಿಯನ್ನು ಇನ್ನೊಂದು ಗೇಣು ಮುಂದಕ್ಕೆ ಎಳೆದುಕೊಂಡರು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು. ಒಂದು ಫೈಲಿನ ಹೆಸರು, ಅದರ ಎದುರಿಗೆ ಒಂದು ತಾರೀಖು.

“ಒಂದನೇ ಜನವರಿ, ಎಂಬತ್ತನೇ ಇಸವಿ,” ಎಂದು ಓದಿದರು. “ಎಂಟು ವರ್ಷದ ಹಿಂದಿಂದೇನು ಇದು?”

“ಎಂಟು ವರ್ಷದ ಹಿಂದ ಈ ಮಷಿನ್ ಎಲ್ಲಿತ್ತರಿ? ಇದಕ್ಕ ಸ್ವಂತ ಗಡಿಯಾರ ಇಲ್ಲ. ಬಂದ್ ಮಾಡಿದ್ರ ಎಲ್ಲಾ ಮರೀತದ. ಚಾಲೂ ಮಾಡಿದ ಕೂಡ್ಲೆ, ಇವತ್ತು ಎಷ್ಟನೇ ತಾರೀಖು ಅಂತ ಕೇಳ್ತದ. ಹೇಳಲಾರದ ಬರೇ ಎಂಟರ್ ಒತ್ತಿದ್ರ, ಎಂಬತ್ತನೇ ಇಸವಿ ಅಂತ ತಾನೇ ತಿಳ್ಕೋತದ.”

“ನೀವು ಹೇಳ್ತೀರಿ?”

“ದಿನಾ ಹೇಳ್ತೀನ್ರಿ. ನಾ ಮಾಡಿದ ಫೈಲಿಗೆಲ್ಲಾ ಖರೇ ತಾರೀಖು ಅದ.”

“ಅಂದ್ರ ಇದನ್ನ ತಿದ್ದಿಟ್ಟವರು ಬ್ಯಾರೆ.”

ತುಂಗಾಬಾಯಿ ಸೆರಗಿನ ತುದಿಯಿಂದ ಕೀಲಿಮಣೆಯ ಮೇಲಿನ ಧೂಳನ್ನು ಒರೆಸಿದಳು. ಹಿಂದಿನ ಬೀಜದ ಗೋದಾಮಿನಿಂದ ಹತ್ತಿಯ ನವಿರು ಈ ಕೋಣೆಗೂ ಹಾರಿ ಬರುತ್ತಿತ್ತು.

ಭಾನುವಾರ ಹೊಳಗುಂದದಲ್ಲಿ ಪಂಪಮ್ಮ ಎಂಬಾಕೆ, ಇದೇ ಮಷಿನ್ನು ಅಚ್ಚು ಹಾಕಿದ ಕನ್ನಡ ಚೀಟಿಯನ್ನು ಓದಿ, ಅದರಲ್ಲಿ ಇದ್ದಂತೆಯೇ ಹತ್ತಿ ಬೀಜಕ್ಕೆ ಔಷಧಿಯನ್ನು ಬರಿಗೈಯಿಂದ ಕಲಸಿ, ಸಂಜೆಯೊಳಗೆ ಸತ್ತಿದ್ದಳು. ಚೀಟಿಯ ಕನ್ನಡ ಬರೆದ ಸೇತುಮಾಧವರಾಯರು ಮೂರು ದಿನದಿಂದ ಆದೋನಿಯ ಠಾಣೆಯಲ್ಲಿದ್ದರು.

ಜೊತೆಗಿದ್ದ ಇಬ್ಬರು ಹೆಂಗಸರು ಆಸ್ಪತ್ರೆ ಸೇರಿ ಬದುಕಿ ಉಳಿದಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ. ವಯಸ್ಕರ ಶಾಲೆಯಲ್ಲಿ ಅಕ್ಷರ ಕಲಿತವಳು ಪಂಪಮ್ಮ ಒಬ್ಬಳೇ. ಅವಳೇ ಗಟ್ಟಿಯಾಗಿ ಓದಿ ಹೇಳಿ, ಅವಳೇ ಮೊದಲು ಬುಟ್ಟಿಗೆ ಕೈಯಿಟ್ಟಿದ್ದಳು. ಏಕಾಂತಪ್ಪನವರಿಗೆ ಮೂರು ದಿನದಿಂದ ಊಟ ಸೇರದಂತೆ ಮಾಡಿದ್ದು ಈ ಮಾತು.

ನಿವೃತ್ತಿಗೆ ಇನ್ನು ಏಳು ತಿಂಗಳು. ಬಲಮೊಣಕಾಲು ಊದಿಕೊಂಡಿತ್ತು. ಈ ಕೇಸನ್ನು ಮುಚ್ಚುವುದು ಕಷ್ಟವೇನೂ ಇರಲಿಲ್ಲ. ತಪ್ಪು ಬರೆದವನು ರಾಯ, ರಾಯ ಒಳಗಿದ್ದಾನೆ. ನಾಳೆ ಬೆಳಿಗ್ಗೆ ಕೋರ್ಟಿಗೆ ಹಾಜರುಪಡಿಸಿದರೆ ಮುಗಿಯಿತು.

ಆದರೆ ಸೇತುಮಾಧವರಾಯರನ್ನು ಏಕಾಂತಪ್ಪ ಇಪ್ಪತ್ತು ವರ್ಷದಿಂದ ಬಲ್ಲರು. ಕನ್ನಡ ಮಾತಾಡುವ ಸಾಕ್ಷಿಗಳ ಹೇಳಿಕೆಯನ್ನು ತೆಲುಗಿಗೆ ಇಳಿಸಿಕೊಡಲು ಠಾಣೆಗೆ ಬರುತ್ತಿದ್ದವರು ಈ ನಿವೃತ್ತ ಪಂಡಿತರೇ. ಹಳ್ಳಿಯವನೊಬ್ಬ ‘ಬಡದ’ ಅಂದರೆ ಕೈಯಿಂದಲೋ ಕೋಲಿನಿಂದಲೋ ಎಂದು ಕೇಳದೆ ಮುಂದೆ ಹೋಗುತ್ತಿರಲಿಲ್ಲ. ಅಂಥವರು ಸಾಯುವ ಔಷಧಿಗೆ ಕೈ ಹಚ್ಚಿ ಎಂದು ಬರೆದರೆಂದರೆ ನಂಬುವುದು ಹೇಗೆ?

ಠಾಣೆಯಲ್ಲಿ ರಾಯರು ಹೇಳಿದ್ದು ಒಂದೇ ಮಾತು. “ಈ ಔಷಧಿಗೆ ನಾನು ಅದನ್ನ ಬರೆದಿಲ್ಲ. ಆ ಸಾಲಿಗೆ ಸಂದೇಹದ ಗುರುತು ಇತ್ತು.”

ಅದೇನು ಗುರುತು ಎಂದು ಠಾಣೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಅದಕ್ಕೇ ಏಕಾಂತಪ್ಪ ಈ ಹತ್ತಿ ಬೆಳೆಗಾರರ ಸಲಹಾ ಕೇಂದ್ರಕ್ಕೆ ಬಂದು, ಮಷಿನ್ ನಡೆಸುವ ಹುಡುಗಿಯ ಪಕ್ಕ ಕೂತಿದ್ದರು.

“ಇನ್ನೊಮ್ಮೆ ಹೇಳಮ್ಮಾ. ನಾನು ಓದಿದ್ದು ಹಳೇ ಎಸ್ಸೆಸ್ಸೆಲ್ಸಿ. ನಿಧಾನಕ್ಕ ಹೇಳು.”

ತುಂಗಾಬಾಯಿ ನಿಧಾನಕ್ಕೇ ಹೇಳಿದಳು.

ರೈತರು ಬಂದು ಬೆಳೆ, ಹೊಲ, ಔಷಧಿಯ ಹೆಸರು ಹೇಳಿದರೆ ಮಷಿನ್ನು ಸಲಹೆಯ ಚೀಟಿ ಅಚ್ಚು ಹಾಕುತ್ತದೆ. ಸಲಹೆಗಳೆಲ್ಲ ಒಂದು ಫೈಲಿನಲ್ಲಿವೆ, ಒಟ್ಟು ನಾನೂರಾ ಹನ್ನೆರಡು. ಮೊದಲು ಇಂಗ್ಲಿಷು, ಅದರ ಕೆಳಗೆ ತೆಲುಗು, ಅದರ ಕೆಳಗೆ ಕನ್ನಡ. ಪ್ರತಿ ವರ್ಷ ಹೈದರಾಬಾದಿನಿಂದ ಹೊಸ ಇಂಗ್ಲಿಷ್ ಪಟ್ಟಿ ಬರುತ್ತದೆ. ಎಲ್ಲವನ್ನೂ ಮತ್ತೆ ಮೊದಲಿನಿಂದ ಅನುವಾದ ಮಾಡುವುದು ಯಾರಿಂದ ಆದೀತು? ಅದಕ್ಕೆಂದೇ ಅಲ್ಲಿಯ ಎಂಜಿನಿಯರೊಬ್ಬರು ಚಿಕ್ಕದೊಂದು ಪ್ರೋಗ್ರಾಂ ಬರೆದುಕೊಟ್ಟಿದ್ದರು. ಹೆಸರು ಲಿಪಿ. ಮಿನುಗುವ ಗೆರೆಯ ಮುಂದೆ ಅದರ ಹೆಸರು, ಹಳೆಯ ಫೈಲು, ಹೊಸ ಫೈಲು ಎಂದು ಟೈಪು ಮಾಡಿದರೆ ಎರಡನ್ನೂ ಕೂಡಿಸುತ್ತದೆ. ಇಂಗ್ಲಿಷು ಬದಲಾಗದಿದ್ದರೆ ಹಳೆಯ ಅನುವಾದ ಹಾಗೇ ಉಳಿಯುತ್ತದೆ. ಹೊಸ ಸಾಲಾದರೆ ಕೆಳಗೆ ಖಾಲಿ ಬಿಡುತ್ತದೆ.

“ಸ್ವಲ್ಪ ಬದಲಾಗಿದ್ರ?”

“ಅಲ್ಲೇ ಅದ ನೋಡ್ರಿ ಸರ್. ಸ್ವಲ್ಪ ಬದಲಾಗಿದ್ರ ಹಳೇ ಅನುವಾದನ ತಂದಿಡ್ತದ. ಆದ್ರ ಮುಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕ್ತದ. ಇದು ಸರಿ ಐತೋ ಇಲ್ಲೋ ಮನುಷ್ಯರು ನೋಡಬೇಕು ಅಂತ ಅರ್ಥ. ಆ ಚಿಹ್ನೆ ಇರೋ ತನಕ ಆ ಸಾಲು ಕನ್ನಡದಾಗ ಅಚ್ಚಾಗೂದಿಲ್ಲ. ಇಂಗ್ಲಿಷಿನಾಗೇ ಬರ್ತದ.”

ಇನ್ನೂರಾ ಹನ್ನೆರಡನೆಯ ಸಾಲನ್ನು ಅವಳು ಪರದೆಗೆ ತಂದಳು. ಹೋದ ವರ್ಷದ ಔಷಧಿ ನಿರಪಾಯದ ಪುಡಿ. ‘ಬೀಜಕ್ಕೆ ಕೈಯಿಂದ ಕಲಸಿರಿ’ ಎಂದಿತ್ತು. ಈ ವರ್ಷದ್ದು ಬೇರೆ ಔಷಧಿ, ಭಾರಿ ವಿಷ. ಇಂಗ್ಲಿಷಿನಲ್ಲಿ ಒಂದು ‘ಬೇಡ’ ಮಾತ್ರ ಹೆಚ್ಚಾಗಿತ್ತು, ಮಿಕ್ಕ ಪದಗಳೆಲ್ಲ ಅವೇ. ತೆಲುಗಿನವರು ಒಡನೆಯೇ ತಿದ್ದಿದ್ದರು. ಕನ್ನಡದಲ್ಲಿ ಹಳೆಯದೇ ಉಳಿದಿತ್ತು.

“ರಾಯರು ಯಾಕ ತಿದ್ದಲಿಲ್ಲ?”

“ಕೈಯಿಂದ ಬ್ಯಾಡ ಅಂದ್ರ ಎದರಿಂದ ಕಲಸಬೇಕು ಅಂತ ಔಷಧಿ ಕಂಪನಿಗೆ ಕಾಗದ ಬರೆದಿದ್ರು. ಕೋಲಿನಿಂದೋ, ಡಬ್ಬಿಯೊಳಗ ಹಾಕಿ ತಿರುಗಿಸೂದೋ. ಉತ್ತರ ಬರಲಿ, ಅಲ್ಲೀ ತನಕ ಚಿಹ್ನೆ ಇರಲಿ ಅಂದಿದ್ರು.”

ಅವಳು ಹೋದ ಗುರುವಾರದ ನಕಲು ಇದ್ದ ಫ್ಲಾಪಿಯನ್ನು ಮಷಿನ್ನಿಗೆ ಕೊಟ್ಟು, ಎರಡೂ ಫೈಲುಗಳನ್ನು ಹೋಲಿಸುವ ಆಜ್ಞೆ ಟೈಪು ಮಾಡಿದಳು. ಮಷಿನ್ನು ಗರಗರ ಸದ್ದು ಮಾಡಿತು. ಏಕಾಂತಪ್ಪ ಕಾಯುತ್ತ ಮೊಣಕಾಲು ನೀವಿಕೊಂಡರು. ಕೊನೆಗೆ ಪರದೆಯ ಮೇಲೆ ಎರಡು ಸಾಲು ಮೂಡಿದವು. ಗುರುವಾರದ್ದಕ್ಕೆ ಪ್ರಶ್ನಾರ್ಥಕ ಚಿಹ್ನೆ ಇತ್ತು. ಈಗಿನದಕ್ಕೆ ಇರಲಿಲ್ಲ. ಇಡೀ ಫೈಲಿನಲ್ಲಿ ವ್ಯತ್ಯಾಸವೆಂದರೆ ಅದೊಂದೇ.

“ಶನಿವಾರ ಮುಂಜಾನೆ ಚೀಟಿ ಅಚ್ಚಾಗಿದ್ದು. ನಡುವ ಶುಕ್ರವಾರ. ಆವತ್ತು ಕೇಂದ್ರ ರಜಾ.”

“ಹೌದ್ರಿ.”

“ಬೀಗದ ಕೈ ಯಾರ ಕಡೆ ಇರ್ತೈತಿ?”

“ದಸ್ತಗಿರಿ ಕಡೆ ಒಂದು. ಸೆಕ್ರೆಟರಿಯವರ ಕಡೆ ಒಂದು.”

ಕಾವಲುಗಾರ ದಸ್ತಗಿರಿ ಬಾಗಿಲ ಹೊರಗೆ ಬೇವಿನ ನೆರಳಲ್ಲಿ ಕೂತಿದ್ದ. ಕೇಳಿದ್ದಕ್ಕೆ ಸುತ್ತುಬಳಸದೆ ಹೇಳಿದ. “ಶುಕ್ರವಾರ ನಮಾಜಿಗೆ ಹೋಗಿದ್ದೆ ಸಾಬ್. ಬಂದು ನೋಡಿದ್ರ ಒಳಗ ಫ್ಯಾನ್ ತಿರಗ್ತಿತ್ತು. ಸೆಕ್ರೆಟರಿ ಸಾಬ್ರು ಹೊರಗ ಬರ್ತಿದ್ರು. ಮಷಿನಿನ ಮ್ಯಾಲಿನ ಬಟ್ಟಿ ಕೆಳಗ ಬಿದ್ದಿತ್ತು. ನಾನೇ ಎತ್ತಿ ಹೊದಿಸಿದೆ.”

*

ಕೇಂದ್ರದ ಸೆಕ್ರೆಟರಿ ಮರಿಬಸಪ್ಪನವರ ಹತ್ತಿ ಮಿಲ್ಲು ಎರಡು ರಸ್ತೆ ಆಚೆಗಿತ್ತು. ಐವತ್ತು ದಾಟಿದ ದೊಡ್ಡ ಮೈಯ ಮನುಷ್ಯ, ಹಣೆಯ ತುಂಬ ವಿಭೂತಿ. ಏಕಾಂತಪ್ಪನವರನ್ನು ಕಂಡು ಎದ್ದುನಿಂತು, ತಾವೇ ಕುರ್ಚಿ ಒರೆಸಿ ಕೊಟ್ಟರು.

“ಆ ಹೆಣ್ಣುಮಗಳ ಗಂಡ ಹನುಮಣ್ಣ ಬಂದಿದ್ದ,” ಎಂದರು. “ಏನೂ ಅನ್ನಲಿಲ್ರಿ. ಅಲ್ಲೇ ಗೋಡಿಗೆ ಕುಂತು ಎದ್ದು ಹೋದ. ಬೈದಿದ್ರ ಚಲೋ ಇತ್ತು.”

“ಮಷಿನ್ ನೀವು ಮುಟ್ಟೀರಾ ಯಾವಾಗರ?”

“ನಾನಾ? ನನಗ ಅದರ ತಲಿ ಬುಡ ತಿಳಿಯೂದಿಲ್ಲ, ಎಸ್ಸೈ ಸಾಹೇಬ್ರ.”

“ನನಗೂ ಅಷ್ಟ.” ಅವರು ಕೊಟ್ಟ ಚಹಾವನ್ನು ಏಕಾಂತಪ್ಪ ನಿಧಾನಕ್ಕೆ ಕುಡಿದರು. “ಈಗ ಆ ಹುಡುಗಿ ಚಾಲೂ ಮಾಡಿದ್ಲು. ಏನೋ ಕೇಳ್ತು. ಆಕಿ ಏನೋ ಒತ್ತಿದ್ಲು. ಏನು ಕೇಳ್ತೈತಿ ಅದು, ಮೊದಲಿಗೆ?”

“ತಾರೀಖು ಕೇಳ್ತೈತ್ರಿ. ಆಮ್ಯಾಲ ಟೈಮು.”

“ದಿನಾ ಹೇಳಬೇಕಾ? ತ್ರಾಸ ಅಲ್ಲ?”

“ಏನೂ ಇಲ್ರಿ. ಎರಡು ಸಲ ಎಂಟರ್ ಒತ್ತಿದ್ರ ತಾನಾಗೇ…”

ಮರಿಬಸಪ್ಪನವರು ಅಲ್ಲಿಗೆ ನಿಲ್ಲಿಸಿದರು. ಹೊರಗೆ ಕೂಲಿಯವರು ಹತ್ತಿಯ ಅಂಡಿಗೆ ಹೊರುತ್ತಿದ್ದರು. ಏಕಾಂತಪ್ಪ ಬಟ್ಟಲನ್ನು ಕೆಳಗಿಟ್ಟರು. ಗೆದ್ದೆ ಎಂದು ಅವರಿಗೆ ಅನ್ನಿಸಲಿಲ್ಲ. ಇಷ್ಟು ವರ್ಷದ ಪರಿಚಯದ ಮನುಷ್ಯ ಮುಖ ತಗ್ಗಿಸಿ ಕೂಡುವುದನ್ನು ನೋಡುವುದು ಅವರಿಗೆ ಸಾಕಾಗಿ ಹೋಗಿತ್ತು.

“ಹೇಳ್ರಿ,” ಎಂದರು.

“ಶನಿವಾರ ಹೈದರಾಬಾದಿನಿಂದ ಡೈರೆಕ್ಟರು ಬರೋರಿದ್ರು. ಕನ್ನಡ ಚೀಟಿಯೊಳಗ ನಡುನಡುವ ಇಂಗ್ಲಿಷ್ ಬರ್ತಿತ್ತು. ಹೊಳಗುಂದದವರು ನಗ್ತಿದ್ರು, ಇದೇನು ಕನ್ನಡ ಅಂತ. ಆ ಚಿಹ್ನೆ ತಗದ್ರ ಕನ್ನಡ ಬರ್ತೈತಿ ಅಂತ ಆ ಹುಡುಗಿ ಒಮ್ಮೆ ಯಾರಿಗೋ ಹೇಳೂದು ಕೇಳಿದ್ದೆ. ಆಕಿ ಹ್ಯಾಂಗ ಒತ್ತತಾಳ ಅಂತ ಹಿಂದ ನಿಂತು ನೋಡಿದ್ದೆ. ಶುಕ್ರವಾರ ಹೋಗಿ ತಗದೆ. ವಿಷದ ಸಾಲು ಅಂತ ಗೊತ್ತಿದ್ದಿಲ್ರಿ. ಲಿಂಗ ಮುಟ್ಟಿ ಹೇಳ್ತೀನಿ.”

“ರಾಯರು ಒಳಗ ಕುಂತು ಮೂರು ದಿನ ಆತು, ಮರಿಬಸಪ್ಪನವರ.”

“ಗೊತ್ತೈತಿ. ದಿನಾ ಬರಬೇಕು ಅಂದ್ಕೋತೀನಿ. ಕಾಲು ಬರೂದಿಲ್ಲ.”

“ಬರಕೊಡ್ತೀರಾ?”

“ಬರಕೊಡ್ತೀನ್ರಿ.”

ಅವರು ಬರೆಯುತ್ತ ಕೂತಾಗ ಏಕಾಂತಪ್ಪ ಫೋನು ತೆಗೆದುಕೊಂಡು ಠಾಣೆಗೆ ಮಾತಾಡಿದರು. ಕಾನ್‌ಸ್ಟೇಬಲ್ ಮಾರೆಣ್ಣ ಸಿಕ್ಕ. ರಾಯರನ್ನು ಕಳಿಸಿಬಿಡು, ರಿಕ್ಷಾದಾಗ ಕೂಡ್ಸು, ನಡಸಬ್ಯಾಡ ಎಂದು ಹೇಳಿ ಇಟ್ಟರು. ಮನೆಗೆ ಹೋಗಿ ಕಾಲು ಚಾಚಿ ಮಲಗಬೇಕೆಂದು ತುಂಬ ಆಸೆಯಾಯಿತು.

ಮರಿಬಸಪ್ಪನವರು ಕಾಗದವನ್ನು ಕೊಟ್ಟರು. ಅಚ್ಚುಕಟ್ಟಾದ ತೆಲುಗು ಬರಹ. ಶುಕ್ರವಾರ ಮಧ್ಯಾಹ್ನ ತಾನೊಬ್ಬನೇ ಹೋಗಿ ಚಿಹ್ನೆ ತೆಗೆದದ್ದು. ಶನಿವಾರ ನಸುಕಿನಲ್ಲೇ ಬೀಜ ಹಂಚಲು ಹೊಳಗುಂದಕ್ಕೆ ಹೊರಟು, ಮಧ್ಯಾಹ್ನ ಡೈರೆಕ್ಟರು ಬರುವ ತನಕ ಆದೋನಿಯಲ್ಲಿ ಇರದೇ ಇದ್ದದ್ದು. ಎಲ್ಲ ಇತ್ತು. ಓದುತ್ತ ಬಂದ ಏಕಾಂತಪ್ಪ ಒಂದು ಕಡೆ ನಿಂತರು.

“ಇಲ್ಲಿ ‘ಆರು’ ಅಂತ ಬರದೀರಿ.”

“ಹೌದ್ರಿ. ಆರು ಚಿಹ್ನೆ ಇದ್ದವು. ಆರೂ ತಗದೆ.”

“ಒಂದಲ್ಲ?”

“ಒಂದು ಯಾಕ ತಗೀಲಿ? ಎಲ್ಲಾ ಕನ್ನಡ ಬರಬೇಕಿತ್ತಲ್ರಿ. ಮರೀಬಾರದು ಅಂತ ನಂಬರು ಬರಕೊಂಡಿದ್ದೆ.” ಜೇಬಿನಿಂದ ಪುಟ್ಟ ಚೀಟಿ ತೆಗೆದರು. ಪೆನ್ಸಿಲಿನಲ್ಲಿ ಆರು ಸಾಲುಗಳ ನಂಬರು. ಕೊನೆಯದು ಇನ್ನೂರಾ ಹನ್ನೆರಡು.

ಏಕಾಂತಪ್ಪ ಆ ಚೀಟಿಯನ್ನು ಎರಡು ಸಲ ನೋಡಿದರು. ಶುಕ್ರವಾರ ಆರು ಚಿಹ್ನೆ ಹೋಗಿದ್ದವು. ಈಗ ಫೈಲಿನಲ್ಲಿ ಇಲ್ಲದಿರುವುದು ಒಂದೇ. ಅಂದರೆ ಐದನ್ನು ಯಾರೋ ತಿರುಗಿ ಹಾಕಿದ್ದರು. ಹಾಕಿದವರು, ಜನರನ್ನು ಕೊಲ್ಲುವ ಸಾಲೊಂದನ್ನು ಬಿಟ್ಟು, ಮಿಕ್ಕವಕ್ಕೆಲ್ಲ ಹಾಕಿದ್ದರು.

ಮನೆಯ ದಾರಿ ಬಿಟ್ಟು ಅವರು ಮತ್ತೆ ಕೇಂದ್ರದ ಕಡೆ ಕುಂಟುತ್ತ ನಡೆದರು.

*

ತುಂಗಾಬಾಯಿ ಮಷಿನ್ನಿಗೆ ಬಟ್ಟೆ ಹೊದಿಸುತ್ತಿದ್ದಳು.

“ಐದು ಯಾರು ಹಾಕಿದ್ರಮ್ಮಾ?” ಎಂದರು ಏಕಾಂತಪ್ಪ, ನಿಂತುಕೊಂಡೇ.

ಅವಳು ಬಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ಕೂತಳು. ಸುಳ್ಳು ಹೇಳಲು ನೋಡಲಿಲ್ಲ.

“ನಾನೇ ಸರ್.”

“ತಾರೀಖು?”

“ಶನಿವಾರ ಮುಂಜಾನೆ ಮಷಿನ್ ಬಂದ್ ಮಾಡಿ, ಮತ್ತ ಚಾಲೂ ಮಾಡಿ, ಬರೇ ಎಂಟರ್ ಒತ್ತಿದೆ. ಫೈಲಿನ ಮ್ಯಾಲೆ ಎಂಬತ್ತನೇ ಇಸವಿ ಕಂಡ ಕೂಡ್ಲೆ ಸೆಕ್ರೆಟರಿಯವರ ಕೆಲಸ ಅಂತ ತಿಳೀತು. ಅವರು ಮಾಡಿದ್ದನ್ನ ನಾ ತಿದ್ದೀನಿ ಅಂತ ಗೊತ್ತಾದ್ರ ಕೆಲಸದಾಗ ಇಟ್ಕೋತಾರೇನ್ರಿ? ಮನಿಯೊಳಗ ದುಡಿಯಾಕಿ ನಾನೊಬ್ಬಾಕಿ.”

“ಮುಂಜಾನಿಂದ ಆ ತಾರೀಖು ತೋರಿಸಿ ನನ್ನನ್ನ ಅವರ ಕಡೆ ಕಳಿಸಿದಿ.”

“ತಗದವರು ಅವರೇ ಅಲ್ರೀ.”

“ಆರನೇದು ಯಾಕ ಬಿಟ್ಟಿ?”

ಅವಳ ಕಣ್ಣಲ್ಲಿ ನೀರು ಬಂತು. “ಬಿಡಲಿಲ್ರಿ. ಇನ್ನೂರಾ ಹನ್ನೆರಡನ್ನ ಪರದೆ ಮ್ಯಾಲೆ ತಂದಿಟ್ಟಿದ್ದೆ, ಅದೇ ಕಡೀದು. ರಾಯರು ಪಕ್ಕದಾಗ ಕುಂತಿದ್ರು, ದಿನಾ ಮುಂಜಾನೆ ಬರ್ತಿದ್ರಲ್ಲ. ಅಷ್ಟರಾಗ ರೈತರು ಮುಂದಿನ ಬಾಗಿಲು ಬಡಿದ್ರು. ತಗಿಲಿಕ್ಕೆ ಹೋದೆ. ಹೊರಳಿ ಬಂದಾಗ ರಾಯರು, ತುಂಗಾ, ಇದು ಸರಿ ಅದ, ಇದಕ್ಕ ಬ್ಯಾಡ, ಬಿಡು ಅಂದ್ರು. ಅವರು ಸರಿ ಅಂದ ಮ್ಯಾಲೆ ನಾ ಯಾಕ ಇನ್ನೊಮ್ಮೆ ಓದಲಿ? ಹಂಗೇ ಉಳಿಸಿ ಫೈಲು ಮುಚ್ಚಿದೆ.”

ಏಕಾಂತಪ್ಪ ಕೂತರು. ಯಾರನ್ನು ಈಗಷ್ಟೇ ಬಿಡಿಸಿದ್ದರೋ, ಆ ಮನುಷ್ಯನ ಬಾಯಿಂದಲೇ ಆ ಮಾತು ಬಂದಿತ್ತು.

“ಆಕಿ ಹೇಳೂದು ಖರೆ, ಏಕಾಂತಪ್ಪಾ.”

ಬಾಗಿಲಲ್ಲಿ ಸೇತುಮಾಧವರಾಯರು ನಿಂತಿದ್ದರು. ಮೂರು ದಿನದ ಗಡ್ಡ, ಮಾಸಿದ ಧೋತರ. ಹಿಂದೆ ಮಾರೆಣ್ಣ ತಪ್ಪು ಮಾಡಿದವನಂತೆ ನಿಂತಿದ್ದ. “ಮನಿಗೆ ಬ್ಯಾಡ, ಇಲ್ಲಿಗೆ ಕರಕೊಂಡು ಹೋಗು ಅಂದ್ರು ಸರ್.”

ರಾಯರು ಚೌಕಟ್ಟನ್ನು ಮುಟ್ಟಿ, ಕುರ್ಚಿಯನ್ನು ಮುಟ್ಟಿ, ಒಳಗೆ ಬಂದು ಕೂತರು. ನಡುವೆ ಇದ್ದ ಸ್ಟೂಲು ಕಾಣದೆ ರಾಯರ ಕಾಲು ಅದಕ್ಕೆ ಬಡಿದದ್ದನ್ನು ಏಕಾಂತಪ್ಪ ಗಮನಿಸಿದರು.

“ಕಣ್ಣು ಹ್ಯಾಂಗಾಗ್ಯಾವ ರಾಯರ?”

“ಪೊರೆ ಬಂದದ. ಕಾಗದ ಆದ್ರ ಭೂತಗನ್ನಡಿ ಹಿಡದು ಓದ್ತೀನಿ. ಆ ಹಸಿರು ಅಕ್ಷರ ನನಗ ಕಾಣೂದಿಲ್ಲ. ಯಾರರ ಓದಿ ಹೇಳಬೇಕು.”

“ಇದನ್ನ ಠಾಣೆಯೊಳಗ ಯಾಕ ಹೇಳಲಿಲ್ಲ?”

“ಬರೆದಿದ್ದೀರಾ ಅಂತ ಕೇಳಿದ್ರಿ. ಬರೆದಿಲ್ಲ ಅಂದೆ. ಶನಿವಾರದ ಸುದ್ದಿ ಯಾರೂ ಕೇಳಲಿಲ್ಲ.” ರಾಯರು ಕಣ್ಣುಜ್ಜಿಕೊಂಡರು. “ಅದೂ ನೆವನ. ಸರಿ ಅದ ಅಂತ ನಾ ಅಂದದ್ದಕ್ಕ ಒಂದು ಜೀವ ಹೋಯ್ತು. ಅದನ್ನ ಬಾಯಿಬಿಟ್ಟು ಹೇಳ್ಲಿಕ್ಕೆ ಮೂರು ದಿನ ಬೇಕಾಯ್ತು. ನನಗೂ ಸಾಕಾಗಿತ್ತಪ್ಪ. ಕಂಪನಿಯವರ ಉತ್ತರ ಬರಲಿಲ್ಲ, ಬಿತ್ತನಿ ಸುರುವಾಗಿತ್ತು. ‘ಬೇಡ’ ಅಂತರ ಬಂದದಲ್ಲ, ಇಷ್ಟು ಸಾಕು ಅಂತ ಬಿಟ್ಟೆ.”

“ಎಲ್ಲಿ ಬಂದದ?” ಎಂದಳು ತುಂಗಾಬಾಯಿ. “ಅದರಾಗ ‘ಬೇಡ’ ಇಲ್ಲ ರಾಯರೇ. ‘ಕಲಸಿರಿ’ ಅಂತ ಅದ. ಮೊದಲಿಂದಾನೂ ಹಂಗೇ ಅದ.”

“ಅದು ಈಗ ಗೊತ್ತವ್ವಾ. ಆವತ್ತು ನಾ ಕೇಳಿದ್ದು ಬ್ಯಾರೆ.” ರಾಯರು ಏಕಾಂತಪ್ಪನವರ ಕಡೆ ಮುಖ ತಿರುಗಿಸಿದರು. “ಈಕಿ ಬಾಗಿಲಿಗೆ ಹೋದಾಗ ಗೋದಾಮಿನ ಕಡೆ ಬಾಗಿಲಿನಿಂದ ಒಬ್ಬರು ಬಂದು ನನ್ನ ಹಿಂದ ನಿಂತ್ರು. ಇನ್ನೂರಾ ಹನ್ನೆರಡು ಏನದ, ಓದಿ ಹೇಳ್ರಿ ಅಂದೆ. ಓದಿದ್ರು. ‘ಬೀಜಕ್ಕೆ ಕೈಯಿಂದ ಕಲಸಬೇಡಿ.’ ಸ್ಪಷ್ಟ ಓದಿದ್ರು. ಯಾರೋ ತಿದ್ದ್ಯಾರ ಅಂತ ತಿಳಿದೆ. ಈಕಿ ಹೊರಳಿ ಬರೂದರಾಗ ಅವರು ಹೋಗಿದ್ರು.”

ಏಕಾಂತಪ್ಪನವರ ದಣಿವು ಎಲ್ಲಿ ಹೋಯಿತೋ. ಪರದೆಯ ಮೇಲೆ ಇರದ ‘ಬೇಡ’ವನ್ನು ಒಬ್ಬ ಮನುಷ್ಯ ಬಾಯಲ್ಲಿ ಸೇರಿಸಿ ಓದಿದ್ದ. ಅಲ್ಲಿ ‘ಬೇಡ’ ಇರಬೇಕು ಎಂದು ತಿಳಿಯದವನಿಗೆ ಅದು ಸಾಧ್ಯವಿರಲಿಲ್ಲ. ಈ ಔಷಧಿ ಕೈಗೆ ಹತ್ತಿದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಕುರುಡ ಮುದುಕನನ್ನು ಒಪ್ಪಿಸಿ, ಚೀಟಿ ಹಾಗೇ ಅಚ್ಚಾಗಲು ಬಿಟ್ಟಿದ್ದ.

“ಮಾರಿ ಕಾಣಲಿಲ್ಲ?”

“ಇಲ್ಲ.”

“ದನಿ?”

ರಾಯರು ಸಾಕ್ಷಿಗಳ ಮಾತನ್ನು ತೂಗುವಾಗ ಮಾಡುತ್ತಿದ್ದಂತೆ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡರು.

“ಅವರು ಶನಿವಾರ ಊರಾಗ ಇದ್ದಿಲ್ಲ ಅಂತ ಠಾಣೆಯೊಳಗ ನಿಮ್ಮವರು ಮಾತಾಡಿದ್ದು ಕಿವಿಗೆ ಬಿತ್ತು. ಅದಕ್ಕ ನನ್ನ ಕಿವೀನೂ ಹೋಯ್ತೇನೋ ಅಂದ್ಕೊಂಡಿದ್ದೆ. ಆದ್ರ ಹದಿನೈದು ವರ್ಷ ಕೇಳಿದ ದನಿ ಏಕಾಂತಪ್ಪಾ. ಮರಿಬಸಪ್ಪಂದು.”